ಪ್ರೌಢಶಾಲಾ ಗಣಿತ ಬೋಧನೆಯಲ್ಲಿ ಸಮಸ್ಯಾ ಪರಿಹಾರ ವಿಧಾನ: ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಪೋಷಕರಿಗೆ ಹಾಗೂ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಪ್ರೌಢಶಾಲಾ ಹಂತದಲ್ಲಿ ಕಲಿಸಲಾಗುವ ವಿಷಯಗಳ ಪೈಕಿ ವಿದ್ಯಾರ್ಥಿಗಳು ಹೆಚ್ಚಾಗಿ ಅಂಜುವ ವಿಷಯ ಗಣಿತ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಇದೊಂದು ವಿಷಯದಲ್ಲಿ ಅನುತ್ತೀರ್ಣರಾದರೂ ಪದವಿಪೂರ್ವ ತರಗತಿಯ ಪ್ರವೇಶ ತಡವಾಗುತ್ತದೆ. ಮನೆಯ ಆರ್ಥಿಕ ಸ್ಥಿತಿ ದುರ್ಬಲವಾಗಿರುವ ಕಡೆಗಳಲ್ಲಿ ಈ ವಿಳಂಬವೇ ಓದು ನಿಲ್ಲಲು ಕಾರಣವಾಗುವುದುಂಟು. ಕುಟುಂಬದಲ್ಲಿ ಮೊದಲ ಬಾರಿಗೆ ಪ್ರೌಢಶಾಲೆಯ ಮೆಟ್ಟಿಲೇರಿದ ಮಕ್ಕಳಿಗೆ ಈ ಅಪಾಯ ಇನ್ನೂ ಹೆಚ್ಚು.

ಫಲಿತಾಂಶ ಪ್ರಕಟವಾದ ಬಳಿಕ ಉತ್ತರ ಪತ್ರಿಕೆಯ ನಕಲು ಪ್ರತಿ ಪಡೆದು ನೋಡುವ ಪೋಷಕರಿಗೆ ಒಂದು ಸಂಗತಿ ಕಾಣಸಿಗಬಹುದು. ಸೂತ್ರವನ್ನು ವಿದ್ಯಾರ್ಥಿಯು ತಪ್ಪಿಲ್ಲದೆ ಬರೆದಿರುತ್ತಾನೆ. ನೇರವಾಗಿ ಕೇಳಿದ ಲೆಕ್ಕವನ್ನೂ ಬಿಡಿಸಿರುತ್ತಾನೆ. ಆದರೆ ಅದೇ ಸೂತ್ರವನ್ನು ಬಳಸಬೇಕಾದ ಹೇಳಿಕೆ ಲೆಕ್ಕ ಬಂದಾಗ ಜಾಗವನ್ನು ಖಾಲಿ ಬಿಟ್ಟಿರುತ್ತಾನೆ. ಸೂತ್ರ ಗೊತ್ತಿಲ್ಲದ್ದು ಇಲ್ಲಿನ ಕೊರತೆಯಲ್ಲ. ಯಾವ ಸಂದರ್ಭದಲ್ಲಿ ಯಾವ ಸೂತ್ರ ಬೇಕೆಂದು ನಿರ್ಧರಿಸುವ ಅಭ್ಯಾಸ ಇಲ್ಲದ್ದು ಕೊರತೆ. ಈ ಅಭ್ಯಾಸವನ್ನು ತರಗತಿಯಲ್ಲಿಯೇ ಬೆಳೆಸುವ ಕ್ರಮಕ್ಕೆ ಸಮಸ್ಯಾ ಪರಿಹಾರ ವಿಧಾನ ಎಂದು ಹೆಸರು. ಆ ವಿಧಾನದ ಸ್ವರೂಪವನ್ನು, ಚಾಮರಾಜನಗರ ಮತ್ತು ಗುಂಡ್ಲುಪೇಟೆ ಭಾಗದ ಜನಜೀವನಕ್ಕೆ ಹೊಂದುವ ಉದಾಹರಣೆಗಳನ್ನು ಹಾಗೂ ಪೋಷಕರು ಪಡೆಯಬಹುದಾದ ಸೌಲಭ್ಯಗಳನ್ನು ಇಲ್ಲಿ ವಿವರಿಸಲಾಗಿದೆ.

2. ವಿಧಾನದ ಸ್ವರೂಪ

ರೂಢಿಯ ಬೋಧನಾ ಕ್ರಮದಲ್ಲಿ ಶಿಕ್ಷಕರು ಮೊದಲು ಸೂತ್ರವನ್ನು ಹೇಳುತ್ತಾರೆ, ನಂತರ ಕಪ್ಪುಹಲಗೆಯ ಮೇಲೆ ಎರಡು ಮಾದರಿ ಲೆಕ್ಕಗಳನ್ನು ಬಿಡಿಸುತ್ತಾರೆ, ಕೊನೆಗೆ ಅದೇ ಮಾದರಿಯ ಹತ್ತು ಲೆಕ್ಕಗಳನ್ನು ವಿದ್ಯಾರ್ಥಿಗಳು ಮಾಡುತ್ತಾರೆ. ಸಮಸ್ಯಾ ಪರಿಹಾರ ವಿಧಾನದಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ. ಮೊದಲು ಒಂದು ಸಮಸ್ಯೆಯನ್ನು ವಿದ್ಯಾರ್ಥಿಗಳ ಮುಂದಿಡಲಾಗುತ್ತದೆ. ತಮಗೆ ಈಗಾಗಲೇ ತಿಳಿದಿರುವ ಗಣಿತದಿಂದ ಅದನ್ನು ಬಿಡಿಸಲು ಅವರು ಪ್ರಯತ್ನಿಸುತ್ತಾರೆ. ಆ ಪ್ರಯತ್ನದಲ್ಲಿ ಎಲ್ಲಿ ತಡೆಯುಂಟಾಗುವುದೋ ಅಲ್ಲಿ ಹೊಸ ಪರಿಕಲ್ಪನೆಯ ಅಗತ್ಯ ಅವರಿಗೇ ಮನವರಿಕೆಯಾಗುತ್ತದೆ. ಸೂತ್ರವನ್ನು ಆಗ ಪರಿಚಯಿಸಲಾಗುತ್ತದೆ.

ಹಂಗೇರಿಯಲ್ಲಿ ಜನಿಸಿ ಅಮೆರಿಕದಲ್ಲಿ ಬೋಧಿಸಿದ ಗಣಿತಜ್ಞ ಜಾರ್ಜ್ ಪೋಲ್ಯ (1887–1985) ಅವರು 1945 ರಲ್ಲಿ ಪ್ರಕಟಿಸಿದ ‘ಹೌ ಟು ಸಾಲ್ವ್ ಇಟ್’ ಎಂಬ ಗ್ರಂಥದಲ್ಲಿ ಸಮಸ್ಯೆ ಬಿಡಿಸುವ ಕಾರ್ಯವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ.

(ಅ) ಸಮಸ್ಯೆಯನ್ನು ಅರ್ಥ ಮಾಡಿಕೊಳ್ಳುವುದು: ಏನನ್ನು ಕೊಟ್ಟಿದೆ, ಏನನ್ನು ಕೇಳಿದೆ?
(ಆ) ಯೋಜನೆ ರೂಪಿಸುವುದು: ಚಿತ್ರ ಬರೆಯಬಹುದೇ, ಸಮೀಕರಣ ಬರೆಯಬಹುದೇ, ಇಂತಹ ಲೆಕ್ಕವನ್ನು ಹಿಂದೆ ಮಾಡಿದ್ದುಂಟೇ?
(ಇ) ಯೋಜನೆಯನ್ನು ಕಾರ್ಯಗತಗೊಳಿಸುವುದು: ಪ್ರತಿ ಹಂತಕ್ಕೂ ಕಾರಣ ತಿಳಿದು ಲೆಕ್ಕ ಮಾಡುವುದು.
(ಈ) ಹಿಂತಿರುಗಿ ನೋಡುವುದು: ಬಂದ ಉತ್ತರ ಸಮಂಜಸವೇ, ಬೇರೆ ದಾರಿಯಿಂದಲೂ ಇದೇ ಉತ್ತರ ಬರುವುದೇ?

ಈ ಪೈಕಿ ಮೂರನೆಯ ಹಂತಕ್ಕೆ ಮಾತ್ರ ಹೆಚ್ಚು ಸಮಯ ನೀಡಿ ಉಳಿದ ಮೂರನ್ನು ಅವಸರದಲ್ಲಿ ಮುಗಿಸುವುದು ಸಾಮಾನ್ಯ. ಹೇಳಿಕೆ ಲೆಕ್ಕಗಳಲ್ಲಿ ವಿದ್ಯಾರ್ಥಿಗಳು ಎಡವುವುದಾದರೋ ಮೊದಲನೆಯ ಹಾಗೂ ಕೊನೆಯ ಹಂತಗಳಲ್ಲಿ.

ಈ ಚಿಂತನೆ ಕನ್ನಡ ನಾಡಿಗೆ ಹೊಸದೇನಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9 ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ನಿಯಮಗಳ ಜೊತೆಗೆ ನಿತ್ಯಜೀವನದಿಂದ ಆರಿಸಿದ ಸಮಸ್ಯೆಗಳು ಹೇರಳವಾಗಿವೆ. 12 ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ರಚಿಸಿದನು. ಗಣಿತವನ್ನು ಜನರ ವ್ಯವಹಾರದ ಮೂಲಕ ಕಲಿಸಬೇಕೆಂಬ ನಿಲುವು ಗ್ರಂಥದ ಹೆಸರಿನಲ್ಲಿಯೇ ಅಡಕವಾಗಿದೆ.

ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಸಹ ಮಗುವಿನ ಆಲೋಚನಾ ಕ್ರಮವನ್ನು ಗಣಿತೀಯಗೊಳಿಸುವುದೇ ಗಣಿತ ಬೋಧನೆಯ ಮುಖ್ಯ ಗುರಿ ಎಂದು ಪ್ರತಿಪಾದಿಸಿದೆ. ಬಹುಪಾಲು ಮಕ್ಕಳಲ್ಲಿ ಮನೆಮಾಡಿರುವ ಭಯ ಮತ್ತು ಸೋಲಿನ ಭಾವನೆಯನ್ನು ಗಣಿತ ಶಿಕ್ಷಣದ ಪ್ರಮುಖ ಸಮಸ್ಯೆಗಳಲ್ಲೊಂದೆಂದು ಅದು ಗುರುತಿಸಿದೆ.

3. ಸ್ಥಳೀಯ ಉದಾಹರಣೆಗಳು

1997 ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಚಾಮರಾಜನಗರ ಜಿಲ್ಲೆಯು ಮುಖ್ಯವಾಗಿ ಕೃಷಿಯನ್ನು ಅವಲಂಬಿಸಿದೆ. ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಅರಿಶಿನ, ಬಾಳೆ, ಈರುಳ್ಳಿ, ಸೂರ್ಯಕಾಂತಿ, ಚೆಂಡುಹೂವು ಮುಂತಾದ ಬೆಳೆಗಳಿವೆ. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಭಾಗ ಬಂಡೀಪುರದ ಕಾಡಂಚಿನಲ್ಲಿದೆ. ಬಿತ್ತನೆ, ಕೊಯ್ಲು, ತೂಕ, ಬೇಲಿ, ಪ್ರಯಾಣ ಇವೆಲ್ಲವೂ ಮಕ್ಕಳು ಪ್ರತಿದಿನ ಕಾಣುವ ಸಂಗತಿಗಳು. ಗಣಿತದ ಸಮಸ್ಯೆಗಳನ್ನು ಇವುಗಳಿಂದಲೇ ರೂಪಿಸಬಹುದೆಂಬುದನ್ನು ಮುಂದಿನ ನಾಲ್ಕು ಉದಾಹರಣೆಗಳು ತೋರಿಸುತ್ತವೆ. ಇವುಗಳಲ್ಲಿರುವ ಸಂಖ್ಯೆಗಳನ್ನು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳಲಾಗಿದೆ.

ಉದಾಹರಣೆ 1: ಅರಿಶಿನದ ತೂಕ (ಶೇಕಡಾ ಲೆಕ್ಕ)

ಹಸಿ ಅರಿಶಿನದ ತೂಕದಲ್ಲಿ ಶೇ. 80 ರಷ್ಟು ನೀರಿದೆ. 100 ಕೆ.ಜಿ. ಹಸಿ ಅರಿಶಿನವನ್ನು ಬೇಯಿಸಿ, ನೀರಿನ ಅಂಶ ಶೇ. 10 ಕ್ಕೆ ಇಳಿಯುವವರೆಗೆ ಒಣಗಿಸಿದರೆ ಉಳಿಯುವ ತೂಕವೆಷ್ಟು?

80 ರಲ್ಲಿ 10 ನ್ನು ಕಳೆದು, 70 ಕೆ.ಜಿ. ಕಡಿಮೆಯಾಗಿ 30 ಕೆ.ಜಿ. ಉಳಿಯುತ್ತದೆ ಎಂಬ ಉತ್ತರ ಸುಲಭವಾಗಿ ಹೊಳೆಯುತ್ತದೆ. ಶಿಕ್ಷಕರು ಇದನ್ನು ಕೂಡಲೇ ತಪ್ಪೆಂದು ಹೇಳದೆ, “ಒಣಗಿಸಿದಾಗ ಯಾವುದು ಬದಲಾಗುವುದಿಲ್ಲ?” ಎಂದು ಪ್ರಶ್ನಿಸುತ್ತಾರೆ. ನೀರು ಆವಿಯಾಗುತ್ತದೆ, ಆದರೆ ಅರಿಶಿನದ ಘನ ಅಂಶವಾದ 20 ಕೆ.ಜಿ. ಹಾಗೆಯೇ ಇರುತ್ತದೆ. ಒಣಗಿದ ಮೇಲೆ ಆ 20 ಕೆ.ಜಿ.ಯು ಹೊಸ ತೂಕದ ಶೇ. 90 ಭಾಗವಾಗುತ್ತದೆ. ಆದುದರಿಂದ ಹೊಸ ತೂಕ 20 ÷ 0.9, ಅಂದರೆ ಸುಮಾರು 22.2 ಕೆ.ಜಿ.

ಮೊದಲ ಉತ್ತರದಲ್ಲಿದ್ದ ದೋಷವೆಂದರೆ, ಒಂದು ಶೇಕಡಾವಾರು ಹಳೆಯ ತೂಕಕ್ಕೂ ಇನ್ನೊಂದು ಹೊಸ ತೂಕಕ್ಕೂ ಸೇರಿದ್ದನ್ನು ಗಮನಿಸದಿದ್ದುದು. ಇದು ಕೇವಲ ಪುಸ್ತಕದ ದೋಷವಲ್ಲ. 50 ಕ್ವಿಂಟಲ್ ಹಸಿ ಅರಿಶಿನವಿರುವ ರೈತನು ತಪ್ಪು ಲೆಕ್ಕವನ್ನು ನಂಬಿದರೆ 15 ಕ್ವಿಂಟಲ್ ಒಣ ಸರಕನ್ನು ನಿರೀಕ್ಷಿಸುತ್ತಾನೆ. ಕೈಗೆ ಬರುವುದು 11 ಕ್ವಿಂಟಲ್‌ಗಿಂತ ತುಸು ಹೆಚ್ಚು. ಸುಮಾರು 4 ಕ್ವಿಂಟಲ್‌ಗಳ ಈ ವ್ಯತ್ಯಾಸವು ಸಾಲದ ಕಂತನ್ನು ಲೆಕ್ಕಹಾಕಿಕೊಂಡಿರುವ ಕುಟುಂಬಕ್ಕೆ ಸಣ್ಣದಲ್ಲ. ಶಾಲೆಗೆ ಹೋಗದ ಹಿರಿಯರೂ ಹಸಿ ಅರಿಶಿನ ಒಣಗಿದಾಗ ಐದನೆಯ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆಂದು ಅನುಭವದಿಂದ ಬಲ್ಲರು. ಮನೆಯ ಈ ತಿಳಿವಳಿಕೆಯೇ ವಿದ್ಯಾರ್ಥಿಗೆ ತನ್ನ ಉತ್ತರವನ್ನು ಒರೆಹಚ್ಚುವ ಸಾಧನವಾಗುತ್ತದೆ.

ಉದಾಹರಣೆ 2: ಸಸಿಮಡಿಯ ಬೇಲಿ (ವರ್ಗ ಸಮೀಕರಣ)

ಕಾಡಂಚಿನ ಜಮೀನಿನಲ್ಲಿ ತರಕಾರಿ ಸಸಿಗಳನ್ನು ಕಾಡುಹಂದಿಗಳಿಂದ ರಕ್ಷಿಸಲು ಆಯತಾಕಾರದ ಬೇಲಿ ಹಾಕಬೇಕಾಗಿದೆ. ಒಂದು ಬದಿಗೆ ಕಲ್ಲಿನ ಗೋಡೆ ಇದೆ. ಉಳಿದ ಮೂರು ಬದಿಗಳಿಗೆ 40 ಮೀಟರ್ ತಂತಿ ಬಲೆ ಲಭ್ಯವಿದೆ. 150 ಚದರ ಮೀಟರ್ ಜಾಗ ಬೇಕಾದರೆ ಅಳತೆಗಳು ಎಷ್ಟಿರಬೇಕು?

ಗೋಡೆಗೆ ಲಂಬವಾದ ಬದಿಯನ್ನು ‘ಕ್ಷ’ ಮೀಟರ್ ಎಂದುಕೊಂಡರೆ, ಗೋಡೆಗೆ ಎದುರಿನ ಬದಿ (40 – 2ಕ್ಷ) ಮೀಟರ್ ಆಗುತ್ತದೆ. ವಿಸ್ತೀರ್ಣ ಕ್ಷ(40 – 2ಕ್ಷ) = 150. ಇದನ್ನು ಸಂಕ್ಷೇಪಿಸಿದರೆ ಕ್ಷ² – 20ಕ್ಷ + 75 = 0 ಎಂಬ ವರ್ಗ ಸಮೀಕರಣ ದೊರೆಯುತ್ತದೆ. ಇದರ ಮೂಲಗಳು 5 ಮತ್ತು 15. ಮೊದಲನೆಯದರಿಂದ 5 ಮೀ. × 30 ಮೀ., ಎರಡನೆಯದರಿಂದ 15 ಮೀ. × 10 ಮೀ. ಅಳತೆಯ ಮಡಿ ದೊರೆಯುತ್ತದೆ. ಎರಡೂ ಸರಿಯಾದ ಉತ್ತರಗಳೇ. ಯಾವುದನ್ನು ಆರಿಸಬೇಕೆಂಬುದು ಗೋಡೆಯ ಉದ್ದವನ್ನು ಅವಲಂಬಿಸಿದೆ. ಗೋಡೆ 12 ಮೀಟರ್ ಮಾತ್ರ ಇದ್ದರೆ 30 ಮೀಟರಿನ ಆಯ್ಕೆ ನಿಲ್ಲುವುದಿಲ್ಲ.

ನಂತರ ಶಿಕ್ಷಕರು ವಿಸ್ತೀರ್ಣವನ್ನು 200 ಚದರ ಮೀಟರಿಗೆ ಏರಿಸುತ್ತಾರೆ. ಆಗ 10 ಎಂಬ ಒಂದೇ ಬೆಲೆ ದೊರೆಯುತ್ತದೆ. 250 ಚದರ ಮೀಟರ್ ಕೇಳಿದಾಗ ಶೋಧಕವು 400 – 500 = –100 ಆಗುತ್ತದೆ; ವಾಸ್ತವ ಮೂಲಗಳೇ ಇಲ್ಲ. ಇದರ ಅರ್ಥ, 40 ಮೀಟರ್ ತಂತಿಯಿಂದ ಅಷ್ಟು ಜಾಗವನ್ನು ಸುತ್ತುವರಿಯುವುದು ಸಾಧ್ಯವೇ ಇಲ್ಲ ಎಂದು. ಶೋಧಕವು ಧನವಾದರೆ ಎರಡು, ಸೊನ್ನೆಯಾದರೆ ಒಂದು, ಋಣವಾದರೆ ಇಲ್ಲ ಎಂದು ಬಾಯಿಪಾಠ ಮಾಡಿದ ನಿಯಮವು ಪರೀಕ್ಷೆಯ ನಂತರ ಮರೆತುಹೋಗಬಹುದು. ಬೇಲಿ ಸಾಲದು ಎಂಬ ಅರ್ಥದೊಡನೆ ಕಲಿತ ನಿಯಮ ಮನಸ್ಸಿನಲ್ಲಿ ನೆಲೆಯೂರುತ್ತದೆ.

ಉದಾಹರಣೆ 3: ಹೋಗಿ ಬರುವ ದಾರಿ (ಸರಾಸರಿ ಜವ)

ಸರಕು ತುಂಬಿದ ವಾಹನವೊಂದು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಗಂಟೆಗೆ 30 ಕಿ.ಮೀ. ಜವದಲ್ಲಿ ಹೋಗಿ, ಖಾಲಿಯಾಗಿ ಅದೇ ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಜವದಲ್ಲಿ ಹಿಂದಿರುಗುತ್ತದೆ. ಒಟ್ಟು ಪ್ರಯಾಣದ ಸರಾಸರಿ ಜವ ಎಷ್ಟು?

45 ಎಂಬ ಉತ್ತರ ತಕ್ಷಣ ಬರುತ್ತದೆ. ಯೋಚಿಸುವ ವಿದ್ಯಾರ್ಥಿಗಳು ದೂರವನ್ನೇ ಕೊಟ್ಟಿಲ್ಲವೆಂದು ಆಕ್ಷೇಪಿಸುತ್ತಾರೆ. ಆಗ ಇಷ್ಟ ಬಂದ ದೂರವನ್ನು ಊಹಿಸಿ ಲೆಕ್ಕ ಮಾಡಲು ಸೂಚಿಸಲಾಗುತ್ತದೆ. ದೂರ 60 ಕಿ.ಮೀ. ಎಂದುಕೊಂಡರೆ ಹೋಗಲು 2 ಗಂಟೆ, ಬರಲು 1 ಗಂಟೆ, 120 ಕಿ.ಮೀ.ಗೆ 3 ಗಂಟೆಯಾದ್ದರಿಂದ ಸರಾಸರಿ ಜವ ಗಂಟೆಗೆ 40 ಕಿ.ಮೀ. ಮತ್ತೊಂದು ಗುಂಪು ದೂರವನ್ನು 30 ಕಿ.ಮೀ. ಎಂದುಕೊಂಡರೂ ಉತ್ತರ 40 ಆಗಿಯೇ ಬರುತ್ತದೆ. ದೂರ ಯಾವುದಾದರೂ ಉತ್ತರ ಬದಲಾಗದಿರುವುದು ಏಕೆ ಎಂಬ ಪ್ರಶ್ನೆಯನ್ನು ಈಗ ವಿದ್ಯಾರ್ಥಿಗಳೇ ಎತ್ತುತ್ತಾರೆ. ದೂರಕ್ಕೆ ಒಂದು ಅಕ್ಷರವನ್ನು ಬಳಸಿ ಅದನ್ನು ಸಾಧಿಸುವುದೇ ಬೀಜಗಣಿತ. ಸಂಖ್ಯೆಯ ಬದಲು ಅಕ್ಷರವನ್ನೇಕೆ ಬಳಸಬೇಕೆಂಬ ಸಂದೇಹ ಹೀಗೆ ತಾನಾಗಿ ಪರಿಹಾರವಾಗುತ್ತದೆ.

ಉದಾಹರಣೆ 4: ಹತ್ತದೆ ಎತ್ತರ ಅಳೆಯುವುದು (ಸಮರೂಪ ತ್ರಿಭುಜಗಳು)

ಶಾಲೆಯ ಧ್ವಜಸ್ತಂಭದ ಎತ್ತರವನ್ನು ಹತ್ತದೆ ಕಂಡುಹಿಡಿಯಬೇಕು. 1.5 ಮೀಟರ್ ಉದ್ದದ ಕೋಲನ್ನು ನೇರವಾಗಿ ನಿಲ್ಲಿಸಿದಾಗ ಅದರ ನೆರಳು 2 ಮೀಟರ್ ಇದೆ. ಅದೇ ಹೊತ್ತಿಗೆ ಧ್ವಜಸ್ತಂಭದ ನೆರಳು 8 ಮೀಟರ್ ಇದೆ. ಸೂರ್ಯನ ಕಿರಣಗಳು ಎರಡಕ್ಕೂ ಒಂದೇ ಕೋನದಲ್ಲಿ ಬೀಳುವುದರಿಂದ ತ್ರಿಭುಜಗಳು ಸಮರೂಪವಾಗಿವೆ. ಎತ್ತರ 8 × 1.5 ÷ 2 = 6 ಮೀಟರ್.

ಇದೇ ಕ್ರಮವನ್ನು ಚಾಮರಾಜನಗರದ ಚಾಮರಾಜೇಶ್ವರ ದೇವಾಲಯದ ಗೋಪುರಕ್ಕೆ ಅನ್ವಯಿಸಲು ಹೊರಟಾಗ ಹೊಸ ತೊಡಕೊಂದು ಎದುರಾಗುತ್ತದೆ. ಗೋಪುರದ ತುದಿ ಅದರ ಬುಡದ ನಡುಭಾಗದ ನೇರಕ್ಕಿದೆ; ನೆರಳನ್ನು ಅಳೆಯಲಾಗುವುದು ಗೋಡೆಯ ಹೊರ ಅಂಚಿನಿಂದ. ಹಾಗಾದರೆ ಅಂಚಿನಿಂದ ನಡುಭಾಗದವರೆಗಿನ ಅಳತೆಯನ್ನೂ ಸೇರಿಸಬೇಕಲ್ಲವೇ? ಪುಸ್ತಕದ ಚಿತ್ರದಲ್ಲಿ ಬಾರದ ಈ ಪ್ರಶ್ನೆ ಅಳೆಯಲು ಹೋದವರಿಗೆ ಮಾತ್ರ ಹೊಳೆಯುತ್ತದೆ. ತನ್ನ ನೆರಳು ತನ್ನಷ್ಟೇ ಉದ್ದವಾಗುವ ಹೊತ್ತಿಗೆ ಸೂರ್ಯನ ಉನ್ನತ ಕೋನ 45 ಡಿಗ್ರಿ ಇರುತ್ತದೆಂಬುದನ್ನು ಗಮನಿಸಿದ ವಿದ್ಯಾರ್ಥಿಗೆ ತ್ರಿಕೋನಮಿತಿಯ ಅಧ್ಯಾಯ ಅಪರಿಚಿತವೆನಿಸುವುದಿಲ್ಲ.

4. ತರಗತಿಯಲ್ಲಿ ಅಳವಡಿಸುವ ಕ್ರಮ

40 ನಿಮಿಷಗಳ ಒಂದು ಅವಧಿಯನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ 5 ನಿಮಿಷಗಳಲ್ಲಿ ಸಮಸ್ಯೆಯನ್ನು ಓದಿ, ವಿದ್ಯಾರ್ಥಿಯೊಬ್ಬರು ಅದನ್ನು ತಮ್ಮದೇ ಮಾತಿನಲ್ಲಿ ಹೇಳುವುದು. ಮುಂದಿನ 15 ನಿಮಿಷ ನಾಲ್ವರ ಗುಂಪುಗಳಲ್ಲಿ ಪ್ರಯತ್ನ. ಅನಂತರ 10 ನಿಮಿಷ ಎರಡು ಅಥವಾ ಮೂರು ಗುಂಪುಗಳಿಂದ ಬೇರೆ ಬೇರೆ ದಾರಿಗಳ ಮಂಡನೆ. ತಪ್ಪು ದಾರಿಯನ್ನೂ ಮಂಡಿಸಲು ಅವಕಾಶ. ಕೊನೆಯ 10 ನಿಮಿಷ ಶಿಕ್ಷಕರಿಂದ ಪರಿಕಲ್ಪನೆಯ ಹಾಗೂ ಸೂತ್ರದ ನಿರೂಪಣೆ.

ಈ ಕ್ರಮದಲ್ಲಿ ಕೆಲವು ಎಚ್ಚರಿಕೆಗಳು ಅಗತ್ಯ.

• ಗುಂಪಿನ ಜಾಣ ವಿದ್ಯಾರ್ಥಿಯೊಬ್ಬರೇ ಕೆಲಸ ಮಾಡಿ ಉಳಿದವರು ನೋಡುತ್ತ ಕೂರದಂತೆ, ಮಂಡಿಸುವವರನ್ನು ಶಿಕ್ಷಕರು ಸ್ಥಳದಲ್ಲಿಯೇ ಆರಿಸುವುದು ಸೂಕ್ತ.
• ಸೋಲಿಗ, ಜೇನುಕುರುಬ ಮುಂತಾದ ಬುಡಕಟ್ಟು ಸಮುದಾಯಗಳ ಮಕ್ಕಳಿಗೆ ಪಠ್ಯದ ಗ್ರಾಂಥಿಕ ಭಾಷೆಯೇ ಮೊದಲ ತಡೆಯಾಗಬಹುದು. ಲೆಕ್ಕದ ಹೇಳಿಕೆಯನ್ನು ಆಡುಮಾತಿನಲ್ಲಿ ವಿವರಿಸಿದ ನಂತರವೇ ಅವರ ಗಣಿತ ಸಾಮರ್ಥ್ಯವನ್ನು ಅಳೆಯುವುದು ನ್ಯಾಯ.
• ಸಮಸ್ಯೆಯು ತೀರ ಸುಲಭವಾದರೆ ಆಲೋಚನೆಗೆ ಎಡೆಯಿರುವುದಿಲ್ಲ. ತೀರ ಕಠಿಣವಾದರೆ ಭಯ ಮರುಕಳಿಸುತ್ತದೆ.
• ಸ್ಥಳೀಯ ಹೆಸರನ್ನು ಸೇರಿಸಿದ ಮಾತ್ರಕ್ಕೆ ಲೆಕ್ಕವು ಸ್ಥಳೀಯವಾಗುವುದಿಲ್ಲ. ಉತ್ತರವು ಯಾರಿಗಾದರೂ ಉಪಯೋಗವಾಗುವಂತಿರಬೇಕು.

5. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಾಗಾದರೆ ಮಗ್ಗಿ ಮತ್ತು ಸೂತ್ರಗಳ ಬಾಯಿಪಾಠ ಬೇಡವೇ?
ಉತ್ತರ: ಖಂಡಿತವಾಗಿಯೂ ಬೇಕು. ಮಗ್ಗಿ ಬಾರದ ವಿದ್ಯಾರ್ಥಿಯು ಗುಣಾಕಾರದಲ್ಲಿಯೇ ದಣಿದು, ಸಮಸ್ಯೆಯನ್ನು ಯೋಚಿಸುವ ಹಂತವನ್ನು ತಲುಪುವುದಿಲ್ಲ. ಅಭ್ಯಾಸ ಲೆಕ್ಕಗಳನ್ನು ಕೈಬಿಡುವಂತಿಲ್ಲ. ಅವು ಸಮಸ್ಯೆಯ ನಂತರ ಬರುತ್ತವೆ ಎಂಬುದಷ್ಟೇ ವ್ಯತ್ಯಾಸ.

ಪ್ರಶ್ನೆ: ಈ ಕ್ರಮದಿಂದ ಪಠ್ಯಭಾಗ ನಿಗದಿತ ಸಮಯದಲ್ಲಿ ಮುಗಿಯುವುದೇ?
ಉತ್ತರ: ಎಲ್ಲ ಅವಧಿಗಳನ್ನೂ ಹೀಗೆ ನಡೆಸುವ ಅಗತ್ಯವಿಲ್ಲ. ಪ್ರತಿ ಅಧ್ಯಾಯದ ಆರಂಭಕ್ಕೆ ಒಂದು, ಮುಕ್ತಾಯಕ್ಕೆ ಒಂದು ಅವಧಿಯನ್ನು ಮೀಸಲಿಟ್ಟು ಪ್ರಾರಂಭಿಸಬಹುದು. ಎಂಟು ಮತ್ತು ಒಂಬತ್ತನೆಯ ತರಗತಿಗಳಲ್ಲಿ ಆರಂಭಿಸಿದರೆ ಹತ್ತನೆಯ ತರಗತಿಯಲ್ಲಿ ಒತ್ತಡವಿರುವುದಿಲ್ಲ.

ಪ್ರಶ್ನೆ: ಶಿಕ್ಷಕರು ಕಲಿಸಿದ ವಿಧಾನವನ್ನು ಬಿಟ್ಟು ಬೇರೆ ವಿಧಾನದಲ್ಲಿ ಬಿಡಿಸಿದರೆ ಪರೀಕ್ಷೆಯಲ್ಲಿ ಅಂಕ ದೊರೆಯುವುದೇ?
ಉತ್ತರ: ಪ್ರಶ್ನೆಯಲ್ಲಿ ನಿರ್ದಿಷ್ಟ ವಿಧಾನವನ್ನು ಸೂಚಿಸಿರದಿದ್ದರೆ ಸರಿಯಾದ ಪರ್ಯಾಯ ವಿಧಾನಕ್ಕೂ ಅಂಕ ನೀಡಲಾಗುತ್ತದೆ. ಗಣಿತದಲ್ಲಿ ಹಂತ ಹಂತವಾಗಿ ಅಂಕ ಹಂಚಿಕೆ ಇರುವುದರಿಂದ, ಕೊನೆಯ ಉತ್ತರ ಬಾರದಿದ್ದರೂ ದತ್ತಾಂಶ, ಚಿತ್ರ ಹಾಗೂ ಸಮೀಕರಣವನ್ನು ಬರೆದು ತೋರಿಸುವುದು ಲಾಭದಾಯಕ. ಪ್ರಶ್ನೆಯನ್ನು ಖಾಲಿ ಬಿಡಬಾರದು.

ಪ್ರಶ್ನೆ: ಓದು ಬರಹ ಬಾರದ ಪೋಷಕರು ಮಕ್ಕಳಿಗೆ ಹೇಗೆ ನೆರವಾಗಬಹುದು?
ಉತ್ತರ: “ಎಷ್ಟು ಅಂಕ ಬಂತು?” ಎಂದು ಕೇಳುವ ಮೊದಲು “ಈ ಉತ್ತರ ಹೇಗೆ ಬಂತು, ನನಗೆ ತಿಳಿಯುವಂತೆ ಹೇಳು” ಎಂದು ಕೇಳಬಹುದು. ಲೆಕ್ಕವು ಬೆಳೆ, ಹಾಲು, ಕೂಲಿ ಅಥವಾ ಸಾಲಕ್ಕೆ ಸಂಬಂಧಿಸಿದ್ದರೆ ಉತ್ತರವು ವ್ಯವಹಾರದಲ್ಲಿ ಸಾಧ್ಯವೇ ಎಂಬುದನ್ನು ಪೋಷಕರೇ ಚೆನ್ನಾಗಿ ಬಲ್ಲರು. ಸಂತೆ, ಸಹಕಾರ ಸಂಘ, ಹಾಲಿನ ಡೇರಿಯ ಲೆಕ್ಕಗಳನ್ನು ಮಕ್ಕಳಿಂದ ಮಾಡಿಸುವುದೂ ಉತ್ತಮ ಅಭ್ಯಾಸ.

6. ವಿದ್ಯಾರ್ಥಿಗಳು ಹಾಗೂ ಪೋಷಕರು ಪಡೆಯಬಹುದಾದ ಸೌಲಭ್ಯಗಳು

(1) ರಾಷ್ಟ್ರೀಯ ಆದಾಯ ಮತ್ತು ಪ್ರತಿಭಾ ಆಧಾರಿತ ವಿದ್ಯಾರ್ಥಿವೇತನ (ಎನ್.ಎಂ.ಎಂ.ಎಸ್.): ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಹಾಗೂ ಅನುದಾನಿತ ಶಾಲೆಗಳಲ್ಲಿ ಎಂಟನೆಯ ತರಗತಿ ಓದುತ್ತಿರುವ, ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ವಿದ್ಯಾರ್ಥಿಗಳು ಇದರ ಪರೀಕ್ಷೆಗೆ ಹಾಜರಾಗಬಹುದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ, ನಿಗದಿತ ಷರತ್ತುಗಳಿಗೆ ಒಳಪಟ್ಟು, ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಪರೀಕ್ಷೆಯಲ್ಲಿ ಮಾನಸಿಕ ಸಾಮರ್ಥ್ಯ ಮತ್ತು ವ್ಯಾಸಂಗ ಸಾಮರ್ಥ್ಯದ ಎರಡು ಪತ್ರಿಕೆಗಳಿದ್ದು, ತಲಾ 90 ಪ್ರಶ್ನೆಗಳಿರುತ್ತವೆ. ಬಾಯಿಪಾಠಕ್ಕಿಂತ ಆಲೋಚನೆಯ ಅಭ್ಯಾಸವೇ ಇಲ್ಲಿ ಹೆಚ್ಚು ನೆರವಾಗುತ್ತದೆ. ಅರ್ಜಿಯನ್ನು ಶಾಲಾ ಮುಖ್ಯ ಶಿಕ್ಷಕರ ಮೂಲಕ ಸಲ್ಲಿಸಬೇಕು. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

(2) ಉತ್ತರ ಪತ್ರಿಕೆಯ ನಕಲು ಪ್ರತಿ, ಮರು ಎಣಿಕೆ ಹಾಗೂ ಮರು ಮೌಲ್ಯಮಾಪನ: ಎಸ್.ಎಸ್.ಎಲ್.ಸಿ. ಫಲಿತಾಂಶದ ನಂತರ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ, ಅದು ಪ್ರಕಟಿಸುವ ದಿನಾಂಕದೊಳಗೆ ನಿಗದಿತ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ನಕಲು ಪ್ರತಿಯನ್ನು ಗಣಿತ ಶಿಕ್ಷಕರೊಡನೆ ಕುಳಿತು ನೋಡಿದರೆ ಯಾವ ಹಂತದಲ್ಲಿ ಅಂಕ ಕೈತಪ್ಪಿದೆ ಎಂಬುದು ತಿಳಿಯುತ್ತದೆ. ಮತ್ತೆ ಪರೀಕ್ಷೆ ಬರೆಯುವವರಿಗೆ ಇದಕ್ಕಿಂತ ಉತ್ತಮ ಮಾರ್ಗದರ್ಶಿ ಬೇರಿಲ್ಲ.

(3) ಪಠ್ಯಪುಸ್ತಕ ಮತ್ತು ಮಾದರಿ ಪ್ರಶ್ನೆಪತ್ರಿಕೆಗಳು: ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿಯೂ, ಮಾದರಿ ಪ್ರಶ್ನೆಪತ್ರಿಕೆಗಳು ಮಂಡಳಿಯ ಜಾಲತಾಣದಲ್ಲಿಯೂ ಉಚಿತವಾಗಿ ಲಭ್ಯವಿವೆ.

(4) ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ: ಗಣಿತ ಬೋಧನೆಗೆ ಸಂಬಂಧಿಸಿದ ಸಲಹೆಗಳನ್ನು ಪೋಷಕರು ಸಮಿತಿಯ ಸಭೆಯಲ್ಲಿ ಮಂಡಿಸಬಹುದು. ಗಣಿತ ಶಿಕ್ಷಕರ ಹುದ್ದೆ ಖಾಲಿ ಇದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ಲಿಖಿತವಾಗಿ ತರಬಹುದು.

7. ಉಪಸಂಹಾರ

ಪರೀಕ್ಷೆಯಲ್ಲಿ ಬರುವ ಲೆಕ್ಕ ಯಾವುದೆಂದು ಯಾರೂ ಮುಂಚಿತವಾಗಿ ಹೇಳಲಾರರು. ಬದುಕಿನಲ್ಲಿ ಬರುವ ಲೆಕ್ಕದ ವಿಷಯವೂ ಅಷ್ಟೇ. ಕಂಡಿರದ ಸಮಸ್ಯೆಯೊಂದರ ಮುಂದೆ ಕುಳಿತು, ಏನು ಕೊಟ್ಟಿದೆ, ಏನು ಬೇಕು ಎಂದು ಶಾಂತವಾಗಿ ವಿಂಗಡಿಸಿಕೊಳ್ಳುವ ಧೈರ್ಯವನ್ನು ವಿದ್ಯಾರ್ಥಿಯಲ್ಲಿ ಬೆಳೆಸುವುದೇ ಈ ವಿಧಾನದ ಉದ್ದೇಶ.

ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಶಾಲೆಯ ಮುಖ್ಯ ಶಿಕ್ಷಕರನ್ನು ಅಥವಾ ಆಯಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ಅರ್ಜಿಗಳ ದಿನಾಂಕ, ಶುಲ್ಕ ಹಾಗೂ ಅರ್ಹತಾ ಷರತ್ತುಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದಾದ್ದರಿಂದ, ಅರ್ಜಿ ಸಲ್ಲಿಸುವ ಮೊದಲು ಆಯಾ ಸಾಲಿನ ಅಧಿಸೂಚನೆಯನ್ನು ಪರಿಶೀಲಿಸುವುದು ಅವಶ್ಯಕ.